ಆಪಾಳ ಚೀಟಿಯ ಎಂಟು ಚುಕ್ಕಿಗಳು

ಬಂಕಾಪುರದಲ್ಲಿ ನನ್ನ ಮೊದಲ ಬೆಳಿಗ್ಗೆ, ಯಾರೋ ಹೆಂಗಸನ್ನು ಕೊಲ್ಲುತ್ತಿದ್ದಾರೆಂದು ಗಾಬರಿಯಾಗಿ ಎದ್ದು ಕೂತೆ. ಗಂಟಲು ಸೀಳಿಕೊಂಡು ಕೂಗುವ ದನಿ, ಅದೂ ಮೂರು ನಾಲ್ಕು ಕಡೆಯಿಂದ. ಚಿಲಕ ತೆಗೆಯಲು ಧೈರ್ಯ ಸಾಲದೆ ಒಳಗಿನಿಂದಲೇ "ಏನಾಯ್ತು? ಯಾರದು?" ಎಂದು ಕೂಗಿದೆ. ಬಾಗಿಲಾಚೆ ಮನೆಯೊಡತಿ ಹುಸೇನಬಿ ನಕ್ಕರು.

"ಯಾಕ ಹೆದರಿದ್ರಿ ಮೇಡಮ್ಮರ? ನವಲ ಅದಾವು. ಕ್ವಾಟ್ಯಾಗ ಇರ್ತಾವು, ದಿನಾ ಒದರ್ತಾವು. ಬರ್ರಿ, ಚಾ ಕುಡೀರಿ."

ಮಂಡ್ಯದ ಪೇಟೆ ಬೀದಿಯಲ್ಲಿ ಬೆಳೆದ ನನಗೆ ನವಿಲೆಂದರೆ ಕ್ಯಾಲೆಂಡರಿನಲ್ಲಿ ಸುಬ್ರಹ್ಮಣ್ಯನ ಪಕ್ಕ ಬಾಯಿ ಮುಚ್ಚಿಕೊಂಡು ನಿಂತ ಹಕ್ಕಿ. ಅದು ಹೀಗೆ ಅರಚುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಬಂದದ್ದು ಶಿಗ್ಗಾಂವಿಯ ಹೊರಗಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಗೆ, ಗುಣಮಟ್ಟ ನೋಡಿಕೊಳ್ಳುವ ಕೆಲಸಕ್ಕೆ. ಒಬ್ಬಳೇ ಹೆಂಗಸಿಗೆ ಶಿಗ್ಗಾಂವಿಯಲ್ಲಿ ಮನೆ ಸಿಗಲಿಲ್ಲ. ಗಂಡ ಎಲ್ಲಿ, ಅಪ್ಪ ಯಾಕೆ ಜೊತೆಗೆ ಬಂದಿಲ್ಲ, ಮಾಂಸ ತಿನ್ನುತ್ತೀರಾ ಎಂದು ಪೊಲೀಸರಿಗಿಂತ ಚೆನ್ನಾಗಿ ವಿಚಾರಣೆ ಮಾಡಿ, ಕೊನೆಗೆ ಇಲ್ಲ ಎನ್ನುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದ ಹುಸೇನಬಿ ಮಾತ್ರ ಏನೂ ಕೇಳದೆ ತಮ್ಮ ಮನೆಯ ಹಿಂದಿನ ಕೋಣೆ ತೆರೆದು ತೋರಿಸಿದರು. ಅವರ ಗಂಡ ತೀರಿಹೋಗಿ ಬಹಳ ಕಾಲವಾಗಿದೆ, ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಅವರೊಬ್ಬರೇ.

ಮುದ್ದೆ ನುಂಗಿ ಬೆಳೆದ ಬಾಯಿಗೆ ಜೋಳದ ರೊಟ್ಟಿ ಅಗಿಯುವುದೇ ಒಂದು ಉದ್ಯೋಗವಾಯಿತು. ಮೊದಲ ವಾರ ದವಡೆ ನೋವು. ಹುಸೇನಬಿ ತಮ್ಮ ತಟ್ಟೆಯಲ್ಲೇ ನನಗೂ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದರು. ಸವಣೂರಿನಿಂದ ಅವರ ತಮ್ಮ ಖಾರಾ ತಂದ ದಿನ ಇಬ್ಬರೂ ಅದೇ ತಟ್ಟೆಗೆ ಕೈ ಹಾಕಿ ಖಾಲಿ ಮಾಡುತ್ತಿದ್ದೆವು. ಇಲ್ಲಿನ ಮುಸ್ಲಿಂ ಮನೆಗಳಲ್ಲಿ ಅಕ್ಕನನ್ನು ಆಪಾ ಎನ್ನುತ್ತಾರೆ. ನಾನೂ ಆಪಾ ಎಂದೆ, ಅವರು ಮೇಡಮ್ಮನನ್ನು ಬಿಟ್ಟು ತಂಗಿ ಎಂದರು. ವರ್ಷ ತುಂಬುವಷ್ಟರಲ್ಲಿ ಸಂತೆಯ ಕಾಯಿಪಲ್ಯದವಳು ನನ್ನನ್ನು ಯಾವ ಊರವರೆಂದು ಕೇಳುವುದನ್ನು ಬಿಟ್ಟಳು. ಆ ದಿನ ಅರ್ಧ ಕಿಲೋ ಬದನೆಕಾಯಿ ಹೆಚ್ಚೇ ಕೊಂಡೆ.

ನನ್ನ ಕೆಲಸವನ್ನು ಊರಿನವರಿಗೆ ಎಷ್ಟು ಸಲ ಹೇಳಿದರೂ ಅರ್ಥವಾಗಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಹೊಲಿಗೆ ಯಂತ್ರಗಳ ಒಂದು ಸಾಲಿನಲ್ಲಿ ದಿನಕ್ಕೆ ಎಷ್ಟು ಅಂಗಿಯಲ್ಲಿ ಹೊಲಿಗೆ ತಪ್ಪಿದೆ ಎಂದು ಎಣಿಸಿ, ಹಾಳೆಯ ಮೇಲೆ ಒಂದು ಚುಕ್ಕಿ ಇಡುತ್ತೇವೆ. ಬಹಳ ದಿನಗಳ ಚುಕ್ಕಿಗಳಿಂದ ಲೆಕ್ಕ ಹಾಕಿ ಮೇಲೊಂದು, ಕೆಳಗೊಂದು ಗೆರೆ ಎಳೆಯುತ್ತೇವೆ. ಆಪಾ ತಟ್ಟುವ ರೊಟ್ಟಿಗಳೂ ಒಂದೇ ಅಳತೆಯಲ್ಲಿ ಇರುವುದಿಲ್ಲವಲ್ಲ, ಹಾಗೆ ಗೆರೆಗಳ ನಡುವೆ ಚುಕ್ಕಿ ಏರಿಳಿಯುವುದು ಸಹಜ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಚುಕ್ಕಿ ಮೇಲಿನ ಗೆರೆ ದಾಟಿತೋ, ಏನೋ ಆಗಿದೆ ಎಂದರ್ಥ. ಆಗ ಬಟ್ಟೆ ನೋಡಬೇಕು, ದಾರ ನೋಡಬೇಕು, ಯಂತ್ರ ನೋಡಬೇಕು, ಬೆಳಕು ನೋಡಬೇಕು. ಮನುಷ್ಯರನ್ನು ಕೊನೆಗೆ ನೋಡಬೇಕು. ಈ ಪಾಠವನ್ನು ಹತ್ತಾರು ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ.

ಕಳೆದ ಮಳೆಗಾಲದಲ್ಲಿ ಮೂರನೇ ಸಾಲಿನ ಚುಕ್ಕಿಗಳು ಗೆರೆ ದಾಟಿದವು. ಹೊಲಿದವರು ತಮ್ಮ ಅಂಗಿಗಳ ಕಟ್ಟಿನ ಮೇಲೆ ಹೆಸರಿನ ಚೀಟಿ ಅಂಟಿಸುವುದು ನಮ್ಮಲ್ಲಿನ ಪದ್ಧತಿ. ಬಟ್ಟೆಯನ್ನೂ ನೋಡದೆ, ಬೆಳಕನ್ನೂ ನೋಡದೆ ನಾನು ಮೊದಲು ಚೀಟಿಗಳನ್ನೇ ಹರಡಿಕೊಂಡು ಕೂತೆ. ಹೆಸರು ಕಣ್ಣಿಗೆ ಬಿದ್ದರೆ ಉಳಿದದ್ದು ಮರೆಯಾಗಿಬಿಡುತ್ತದೆ. ಒಬ್ಬೊಬ್ಬರಿಗೂ ಬೇರೆ ಹಾಳೆ ಮಾಡಿದೆ. ಒಂದೇ ಒಂದು ಹಾಳೆಯಲ್ಲಿ ಎಂಟು ದಿನ, ಎಂಟು ಚುಕ್ಕಿ, ಎಂಟೂ ಮೇಲಿನ ಗೆರೆ ದಾಟಿದ್ದವು. ಚೀಟಿ ಹುಸೇನಬಿ ಆಪಾಳದು.

ಮನಸ್ಸು ಹಿಂಜರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಯಾರ ಮನೆಯ ಅನ್ನ ತಿನ್ನುತ್ತೇನೆಂದು ಚುಕ್ಕಿಗೆ ಗೊತ್ತಿರಬಾರದು ಎಂದು ನನಗೆ ನಾನೇ ದೊಡ್ಡ ಭಾಷಣ ಮಾಡಿಕೊಂಡು ಸಹಿ ಹಾಕಿದೆ. ಸ್ವಲ್ಪ ದಿನ ತರಬೇತಿಗೆ ಕೂರಿಸುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ಮ್ಯಾನೇಜರ್ ಆಪಾಳನ್ನು ನನ್ನೆದುರೇ ಕರೆಸಿ, ಈ ಚೀಟಿ ನಿನ್ನದೇನಾ ಎಂದು ಕೇಳಿದರು.

"ಹೌದ್ರಿ, ನಂದ ಐತಿ," ಎಂದರು ಆಪಾ. ನನ್ನ ಕಡೆ ನೋಡಲೂ ಇಲ್ಲ.

ಸೋಮವಾರದಿಂದ ಬರಬೇಡ ಎಂದರು ಮ್ಯಾನೇಜರ್. ಅಷ್ಟು ವರ್ಷದ ಕೆಲಸ ಅಷ್ಟು ಹೊತ್ತಿನಲ್ಲಿ ಮುಗಿಯಿತು.

ಆಮೇಲೆ ಚುಕ್ಕಿಗಳು ಇಳಿಯಬೇಕಿತ್ತು. ಇಳಿಯಲಿಲ್ಲ. ಸಾಲಿನ ಒಟ್ಟು ತಪ್ಪು ಮೊದಲಿನಷ್ಟೇ ಇತ್ತು, ಆದರೆ ಈಗ ಎಲ್ಲರ ಚೀಟಿಗಳಲ್ಲೂ ಹಂಚಿಕೊಂಡಿತ್ತು, ಹೆಚ್ಚಿನದು ಶಾಂತವ್ವನದರಲ್ಲಿ. ಶಾಂತವ್ವ ದುಂಡಸಿಯವಳು, ನಲವತ್ತು ದಾಟಿದ ಮೇಲೆ ಕೆಲಸಕ್ಕೆ ಸೇರಿದ್ದಳು, ಕಣ್ಣು ಸ್ವಲ್ಪ ಮಂದ. ಅವಳನ್ನೂ ಮನೆಗೆ ಕಳಿಸಿದರು. ಹೋಗುವ ಮೊದಲು ಅವಳು ಬಸ್ ನಿಲ್ಲುವ ಜಾಗದಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು.

"ಕರೀ ಬಟ್ಟಿ, ಕರೀ ದಾರ, ಮ್ಯಾಲೆ ಆ ಮಬ್ಬ ಲೈಟು. ಕಣ್ಣಿಗೆ ಕಾಣೂದ ಇಲ್ರಿ. ಆಪಾ ಅಂತಿದ್ಲು, ತಪ್ಪಿದ್ದನ್ನ ನನ್ನ ಚೀಟಿಗೆ ಹಾಕ, ನೀ ಹೊಸಾಕಿ, ನಾಕ ತಪ್ಪ ಬಂದ್ರ ಮನಿಗೆ ಕಳಸ್ತಾರ, ನಂದು ಹಳೇ ಹೆಸರ, ತಡಕೋತೈತಿ ಅಂತ. ನಾ ಒಬ್ಬಾಕಿ ಅಲ್ರಿ, ಹೊಸಬರದ್ದೆಲ್ಲಾ ಹಂಗ ಹಾಕಾಕಿ. ನೀವು ಅಕೀನ ಮನ್ಯಾಗ ಇದ್ರಿ. ನಿಮಗ ಗೊತ್ತಿರಲಿಲ್ಲೇನ್ರಿ?"

ಗೊತ್ತಿರಲಿಲ್ಲ. ಹಾಂಗಲ್ ಕಡೆಯಿಂದ ಬರುವವರು, ಹುಲಗೂರಿನವರು, ಇಡೀ ಮೂರನೇ ಸಾಲಿಗೇ ಗೊತ್ತಿದ್ದ ಸಂಗತಿ ನನಗೊಬ್ಬಳಿಗೆ ಗೊತ್ತಿರಲಿಲ್ಲ. ನಾನು ಹಾಳೆ ಹಿಡಿದು ಬಂದರೆ ಅವರೆಲ್ಲ ಮಾತು ನಿಲ್ಲಿಸುತ್ತಿದ್ದುದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಆ ಸಂಜೆ ಆಪಾಳ ಮುಂದೆ ಕೂತು, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಹಿಟ್ಟು ನಾದುತ್ತಿದ್ದರು.

"ಹೇಳಿದ್ರ ಏನ ಮಾಡ್ತಿದ್ದಿ ತಂಗಿ? ನನ್ನ ಹೆಸರ ತಗದು ಶಾಂತವ್ವನ ಹೆಸರ ಬರೀತಿದ್ದಿ."

ಹೌದು. ಹಾಗೆಯೇ ಬರೆಯುತ್ತಿದ್ದೆ. ಆ ರಾತ್ರಿಯಿಂದ ಊಟಕ್ಕೆ ಎರಡು ತಟ್ಟೆ ಬಂದವು.

ಮರುದಿನ ಬೆಳಕು ಅಳೆಯುವ ಸಲಕರಣೆ ಹಿಡಿದು ಸಾಲಿನುದ್ದಕ್ಕೂ ನಡೆದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಮೂರನೇ ಸಾಲಿನ ಮೇಲಿನ ದೀಪಗಳು ಬದಲಾದವು. ಚುಕ್ಕಿಗಳು ಬುಡಕ್ಕೆ ಇಳಿದವು. ಮ್ಯಾನೇಜರ್ ಆ ಹಾಳೆಯನ್ನು ದೊಡ್ಡದು ಮಾಡಿಸಿ, ನನ್ನ ಹೆಸರು ಬರೆಸಿ ಗೇಟಿನ ಹತ್ತಿರ ಅಂಟಿಸಿದರು. ಬರುವಾಗ ಹೋಗುವಾಗ ಹೆಂಗಸರೆಲ್ಲ ಅದರ ಮುಂದೆಯೇ ನಡೆಯಬೇಕು, ಯಾರೂ ತಲೆ ಎತ್ತಿ ನೋಡುವುದಿಲ್ಲ. ಚೀಟಿಯ ವಿಷಯವನ್ನೆಲ್ಲ ತಿಳಿಸಿ, ಇಬ್ಬರನ್ನೂ ವಾಪಸ್ ಕರೆಸಿ ಸರ್ ಎಂದು ಎರಡು ಸಲ ಬರೆದುಕೊಟ್ಟೆ, ಒಂದು ಸಲ ಅತ್ತೂ ಬಿಟ್ಟೆ.

"ಚೀಟಿ ಸುಳ್ಳು ಮಾಡಿದವಳನ್ನು ಹೇಗಮ್ಮ ಕರೆಸೋದು?" ಎಂದರು ಅವರು. "ಮೊದಲನೇ ಹಾಳೆಗೆ ಸಹಿ ಹಾಕಿದ್ದು ನೀವೇ ಅಲ್ವಾ?"

ಈಗ ಆ ಚಾರ್ಟಿನ ಹೆಸರಿನಲ್ಲೇ ನನಗೆ ಬಡ್ತಿ ಬಂದಿದೆ, ಮಂಡ್ಯಕ್ಕೆ ಹತ್ತಿರದ ಕಾರ್ಖಾನೆಗೆ ವರ್ಗ. ಎರಡು ವರ್ಷದಿಂದ ಬೇಡಿಕೊಂಡದ್ದು ಕೈಗೆ ಬಂದಿದೆ. ಅವ್ವ ಫೋನಿನಲ್ಲಿ ಖುಷಿಗೆ ಅತ್ತಳು. ಒಪ್ಪಿಗೆಯ ಕಾಗದ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಹೋದರೆ ಆಪಾಳ ಅನ್ನ ಕಿತ್ತುಕೊಂಡು ಊರು ಸೇರಿದಂತೆ. ಉಳಿದರೆ ದಿನಾ ಈ ಎರಡು ತಟ್ಟೆ. ಅಲ್ಲಿ ನನ್ನ ಬಾಯಲ್ಲಿ "ಹೌದ್ರಿ" ಕೇಳಿ ನಗುತ್ತಾರೆ, ಇಲ್ಲಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತದೆ.

ಆಪಾ ಈಗ ಕಿಟಕಿಯ ಬೆಳಕಿಗೆ ಯಂತ್ರ ಇಟ್ಟುಕೊಂಡು ಓಣಿಯವರಿಗೆ ಜಂಪರ್ ಹೊಲಿಯುತ್ತಾರೆ, ರವಿಕೆಗೆ ಇಲ್ಲಿನ ಹೆಸರು ಅದು. ನನ್ನ ಸ್ವಂತ ತಂಗಿಯ ಮದುವೆಗೆ ಊರಿಗೆ ಹೊರಟಿದ್ದೇನೆಂದು ತಿಳಿದು ನನ್ನ ಬಟ್ಟೆಯನ್ನೂ ಅವರೇ ಕೇಳಿ ಇಸಿದುಕೊಂಡರು. ನಿನ್ನೆ ಮಡಚಿ ತಂದು ಕೈಗೆ ಕೊಟ್ಟರು. ಚೆನ್ನಾಗಿದೆ ಎನ್ನಬೇಕಿತ್ತು ನಾನು. ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಜಂಪರನ್ನು ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಹೊಲಿಗೆಯನ್ನು ತಡವುತ್ತಾ ಹೋಗಿತ್ತು. ಕಾರ್ಖಾನೆಯಲ್ಲಿ ಅಂಗಿ ನೋಡುವುದು ಹಾಗೆಯೇ. ನೆನಪಾಗಿ ಕೈ ನಿಲ್ಲಿಸಿದಾಗ ಆಪಾ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು.

"ನೋಡ ತಂಗಿ, ಪೂರ್ತಿ ನೋಡ," ಎಂದರು. "ಇದು ನಾನ ಹೊಲದದ್ದು."

ಒಂದು ಹೊಲಿಗೆಯೂ ತಪ್ಪಿರಲಿಲ್ಲ.