ಕರಿಕೆಯ ಗೋದಾಮಿನಲ್ಲಿ ಅಳೆದ ನಿಶ್ಶಬ್ದ

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಜೊತೆ ಎಂಎಸ್ಸಿ ಓದಿದ ಗೆಳತಿಯೊಬ್ಬಳು ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕಗಳಾದ ಕ್ಯೂಬಿಟ್‌ಗಳನ್ನು ತಯಾರಿಸುವ ಪ್ರಯೋಗಾಲಯದಲ್ಲಿದ್ದಾಳೆ. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕ ಚಿಪ್ ಅದು. ಅದರ ಲೋಹ ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕವಾಗಲೆಂದು ಊಹೆಗೂ ಸಿಗದ ಚಳಿಯಲ್ಲಿ ಇಟ್ಟಿರುತ್ತಾರೆ. ಆದರೂ ಕಣ್ಣು ಮಿಟುಕಿಸುವುದರೊಳಗೆ ಅದು ತನ್ನ ಸ್ಥಿತಿಯನ್ನು ಕಳೆದುಕೊಳ್ಳುತ್ತದೆ. ಲಿಫ್ಟಿನ ಅದುರಾಟ, ಮೊಬೈಲಿನ ಅಲೆ, ಗೋಡೆಯ ಕಲ್ಲಿನಿಂದ ಹೊರಡುವ ವಿಕಿರಣ, ಯಾವುದು ತಾಗಿದರೂ ಸಾಕು.

"ನಮ್ಮ ಚಿಪ್ ಇಡೋಕೆ ಸದ್ದಿಲ್ಲದ ಒಂದು ಜಾಗ ತೋರ್ಸೆ, ಅಳೆದು ನೋಡೋಣ" ಎಂದು ಕಳೆದ ವರ್ಷ ಫೋನು ಮಾಡಿದಳು.

ಕೇರಳ ಗಡಿಯ ಕರಿಕೆಯ ಹತ್ತಿರ ಬಳಸದೆ ಬಿಟ್ಟ ಎಸ್ಟೇಟ್ ಗೋದಾಮೊಂದು ನನಗೆ ಗೊತ್ತಿತ್ತು. ಬಂಡೆಯ ಮೇಲೆ ಕಟ್ಟಿದ್ದು, ಕರೆಂಟಿಲ್ಲ, ಸಿಗ್ನಲ್ಲಿಲ್ಲ. ಒಂದು ಮಧ್ಯಾಹ್ನ ಅಲ್ಲಿನ ವಾಚ್‌ಮನ್, ವಯಸ್ಸಾದವರು, ಬೀಗ ತೆಗೆದುಕೊಟ್ಟು ನಮ್ಮ ಜೊತೆಯೇ ಕುಳಿತರು. ಗೆಳತಿ ಕಂಪನ ಅಳೆಯುವ ಯಂತ್ರವನ್ನು ನೆಲಕ್ಕಿಟ್ಟು ಲ್ಯಾಪ್‌ಟಾಪಿಗೆ ಜೋಡಿಸಿದಳು. ತೆರೆಯ ಮೇಲೆ ಗೆರೆ ಹೆಚ್ಚುಕಡಿಮೆ ನೇರವಾಗಿ ಹರಿಯಿತು. "ಇಷ್ಟು ಶಾಂತ ಜಾಗ ನಾನು ನೋಡೇ ಇಲ್ಲ ಕಣೆ" ಎಂದು ಪಿಸುಗುಟ್ಟಿದಳು.

ಅರ್ಧ ಗಂಟೆ ಕಳೆದಿರಬೇಕು. ಗೆರೆಯಲ್ಲೊಂದು ಉಬ್ಬು ಎದ್ದಿತು. ಸ್ವಲ್ಪ ಬಿಟ್ಟು ಇನ್ನೊಂದು, ಅದಕ್ಕಿಂತ ದೊಡ್ಡದು. ನಮ್ಮ ಕಿವಿಗೆ ಏನೂ ಬೀಳಲಿಲ್ಲ. ಹಕ್ಕಿಗಳೂ ಸುಮ್ಮನಾಗಿದ್ದವು. ವಾಚ್‌ಮನ್ ಮೂಗರಳಿಸಿ ಗಾಳಿ ಎಳೆದುಕೊಂಡರು.

"ಮಾತಾಡ್ಬೇಡಿ ಮೇಡಂ. ಆನೆ ಉಂಟು."

ಉಬ್ಬುಗಳು ಬೆಳೆಯುತ್ತಾ ಬಂದವು. ಮಾರು ದೂರ, ಮೊಳ ದೂರ ಎಂದು ನಾನೇ ಲೆಕ್ಕ ಹಾಕುತ್ತಿದ್ದೆ. ಆಮೇಲೆ ಗೆರೆ ಥಟ್ಟನೆ ನೇರವಾಯಿತು. ಗೆಳತಿ ಉಸಿರು ಬಿಟ್ಟಳು. "ಹೋಯ್ತು ಅಂತ ಕಾಣ್ತದೆ" ಎಂದೆ.

ವಾಚ್‌ಮನ್ ಇಲ್ಲವೆಂದು ತಲೆಯಾಡಿಸಿದರು. "ಹೋದ್ರೆ ಗೆರೆಯಲ್ಲಿ ಕಾಣ್ಬೇಕಲ್ಲ ಮೇಡಂ, ಬಂದಾಗ ಕಂಡ ಹಾಗೆ. ಗೋಡೆ ಆಚೆ ನಿಂತುಂಟು."

ಅಲ್ಲಿಂದ ಮುಂದೆ ಆ ನೇರ ಗೆರೆಯನ್ನು ನೋಡುವುದೇ ನನಗೆ ಕಷ್ಟವಾಯಿತು. ಬೆನ್ನ ಹಿಂದಿನ ಗೋಡೆಗೆ ಒರಗಿದ್ದವಳು ಮೆಲ್ಲಗೆ ಮುಂದಕ್ಕೆ ಜರುಗಿದೆ. ಆ ಜರುಗಿದ್ದೂ ತೆರೆಯ ಮೇಲೆ ಮೂಡಿತು. ಗೆಳತಿ ನನ್ನ ಕೈ ಹಿಡಿದುಕೊಂಡಳು. ಗೆರೆ ಮತ್ತೆ ಅಲುಗಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ವಾಚ್‌ಮನ್ ಬಾಗಿಲನ್ನು ಬೆರಳಷ್ಟು ತೆರೆದು ನೋಡಿದರು. ಹೊರಗೆ ಏನೂ ಇರಲಿಲ್ಲ. ಕೆಸರಿನಲ್ಲಿ ಹೆಜ್ಜೆಗಳು ಗೋಡೆಯ ಬುಡದ ಬಂಡೆಯವರೆಗೆ ಬಂದಿದ್ದವು. ವಾಪಸು ಹೋದ ಹೆಜ್ಜೆಗಾಗಿ ಅವರು ಸುತ್ತ ಹುಡುಕಿದರು, ಸಿಗಲಿಲ್ಲ. "ಬಂಡೆ ಮೇಲೇ ಹೋಗಿರ್ತದೆ" ಎಂದರು. ಆದರೆ ನಮ್ಮನ್ನು ಜೀಪಿನವರೆಗೆ ಬಿಡುವಾಗ ಎರಡು ಸಲ ಹಿಂದೆ ತಿರುಗಿ ನೋಡಿದರು.

ಗೆಳತಿ ಆ ದಾಖಲೆಯನ್ನು ವಾರಗಟ್ಟಲೆ ಜಾಲಾಡಿದಳು. ಬಂದದ್ದಿದೆ, ಹೋದದ್ದಿಲ್ಲ. ಆ ಜಾಗವನ್ನು ಪ್ರಯೋಗಾಲಯದವರು ಕೈಬಿಟ್ಟರು. ಕಾರಣ ಆನೆಯಲ್ಲ, ಆಮೇಲೆ ಅಳೆದು ನೋಡಿದರೆ ಅಲ್ಲಿನ ಬಂಡೆಯೇ ಸಣ್ಣಗೆ, ಬಿಡುವಿಲ್ಲದೆ ವಿಕಿರಣ ಸೂಸುತ್ತದಂತೆ.