ಶ್ರೀಮಂತರು ಪಕ್ಕದ ತಾಲ್ಲೂಕಿನಲ್ಲಿದ್ದಾರೆ

ಮೊನ್ನೆ ಭಾನುವಾರ ಬೆಳಿಗ್ಗೆ, ಕಂಪ್ಲಿಯ ಒಂದು ಪಡಸಾಲೆಯಲ್ಲಿ, ಈ ದೇಶದ ಹಣಕಾಸು ನೀತಿ ತೀರ್ಮಾನವಾಯಿತು.

ನಿಮಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ. ಟಿವಿಯವರು ಬಂದಿರಲಿಲ್ಲ. ಸಭೆಯಲ್ಲಿ ಹಾಜರಿದ್ದವರು ಒಬ್ಬ ರೈಸ್ ಮಿಲ್ ಮಾಲೀಕರು, ಒಬ್ಬ ನಿವೃತ್ತ ಹೆಡ್‌ಮಾಸ್ತರು, ಅವರವರ ಧರ್ಮಪತ್ನಿಯರು, ಒಬ್ಬ ವರ, ಒಬ್ಬಳು ವಧು, ಮತ್ತು ಮಧ್ಯಸ್ಥಿಕೆಗೆಂದು ಹೋಗಿ ಎಲ್ಲವನ್ನೂ ಕೆಡಿಸಲು ಹೊರಟಿದ್ದ ನಾನು.

ಹೆಡ್‌ಮಾಸ್ತರು ನನ್ನ ಭಾವ. ಅಕ್ಕನ ಗಂಡ. ಅರ್ಧ ಹೊಸಪೇಟೆಗೆ ಮಗ್ಗಿ ಕಲಿಸಿದವರು. ಈಗ ಪಿಂಚಣಿಯಲ್ಲಿದ್ದಾರೆ. (‘ಪಿಂಚಣಿ ಪಡೆಯುತ್ತಾರೆ’ ಅನ್ನುವುದಕ್ಕಿಂತ ‘ಪಿಂಚಣಿಯಲ್ಲಿದ್ದಾರೆ’ ಅನ್ನುವುದೇ ಸರಿ. ಕೆಲವರು ಧ್ಯಾನದಲ್ಲಿರುತ್ತಾರಲ್ಲ, ಹಾಗೆ.) ದಿನಾ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ವಾಕಿಂಗ್ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕವರಿಗೆಲ್ಲ, ಶ್ರೀಮಂತರ ಮೇಲೆ ಆಸ್ತಿ ತೆರಿಗೆ ಹಾಕಿದರೆ ದೇಶದ ಸಂಕಟವೆಲ್ಲ ಹೇಗೆ ತೀರುತ್ತದೆ ಎಂದು ವಿವರಿಸುತ್ತಾರೆ. ಅವರ ದೆಸೆಯಿಂದ ಎಷ್ಟೋ ಜನ ವಾಕಿಂಗಿನ ದಾರಿ ಬದಲಿಸಿದ್ದಾರೆ.

ಅವರ ಮಗ ಮಂಜುನಾಥ, ಅಂದರೆ ನನ್ನ ಸೋದರಳಿಯ, ಕಂಪ್ಲಿಯ ಕಾಲುವೆ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್. ಕಳೆದ ವರ್ಷ ಅಲ್ಲೊಂದು ರೈಸ್ ಮಿಲ್ಲಿನ ಹಿತ್ತಲಿಗೆ ಕಾಲುವೆ ನೀರು ಜಿನುಗುತ್ತಿದೆ ಎಂದು ದೂರು ಬಂತು. ದೂರು ತಂದವಳು ಮಾಲೀಕರ ಮಗಳು ಶೈಲಜಾ. ಮಿಲ್ಲಿನ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವ ಹುಡುಗಿ. ಮಂಜು ವಾರದೊಳಗೆ ರಿಪೇರಿ ಮಾಡಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಿಪೇರಿ ಗಟ್ಟಿಯಾಗಿದೆಯೇ ಎಂದು ನೋಡಲು ಇವನು ಹೋದ. ಗಟ್ಟಿಯಾಗಿದೆ ಎಂದು ತಿಳಿಸಲು ಅವಳು ಬಂದಳು. ಸರ್ಕಾರಿ ಕಾಮಗಾರಿಯೊಂದು ಇಷ್ಟು ಸಲ ಪರಿಶೀಲನೆಗೆ ಒಳಗಾದ ಉದಾಹರಣೆ ಆ ತಾಲ್ಲೂಕಿನಲ್ಲಿ ಇನ್ನೊಂದು ಇರಲಾರದು.

ಹುಡುಗಿಯ ತಂದೆ ಬಸವರಾಜಪ್ಪ ಸಾಹುಕಾರರು ಪ್ರೀತಿಗೀತಿ ಎಂದರೆ ಬಾಗಿಲು ಹಾಕಿಕೊಳ್ಳುವ ಪೈಕಿ. ಹಿರಿಯರ ಮೂಲಕ ಸಂಬಂಧ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಅದಕ್ಕೇ ನನ್ನನ್ನು ಹಿರಿಯನನ್ನಾಗಿ ನೇಮಿಸಲಾಯಿತು. (ಪಿಂಚಣಿಯೂ ಇಲ್ಲ, ಸಿರಿತನವೂ ಇಲ್ಲ. ನನ್ನಷ್ಟು ನಿಷ್ಪಕ್ಷಪಾತಿ ಎಲ್ಲಿ ಸಿಗಬೇಕು?)

ಸಾಹುಕಾರರ ಬಗ್ಗೆ ಎರಡು ಮಾತು ಪ್ರಸಿದ್ಧ. ಒಂದು, ಮಗಳನ್ನು ಸರ್ಕಾರಿ ನೌಕರಿಯವನಿಗೇ ಕೊಡುತ್ತಾರೆ. ಎರಡು, ಈ ದೇಶ ಹಾಳಾಗುತ್ತಿರುವುದೇ ಸರ್ಕಾರಿ ನೌಕರರ ಸಂಬಳ ಮತ್ತು ಪಿಂಚಣಿಯಿಂದ ಎಂದು ಅವರು ನಂಬಿದ್ದಾರೆ. ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಬಲ್ಲರು. ನಡುವೆ ‘ಆದರೆ’ ಕೂಡ ಬರುವುದಿಲ್ಲ.

ಹಿಂದಿನ ದಿನ ಮಂಜು ಮನೆಗೆ ಬಂದು ಗಂಭೀರವಾಗಿ ಕೂತ. “ಮಾವ, ನಮ್ಮಪ್ಪನ ಬಾಯಿಗೆ ಶ್ರೀಮಂತರು ಸಿಗಬಾರ್ದು. ಅವರಪ್ಪನ ಬಾಯಿಗೆ ಪಿಂಚಣಿ ಸಿಗಬಾರ್ದು. ನೀವು ನಡುವ ಕುಂತು ಡ್ಯಾಮಿನ ಮಾತು ಆಡ್ತಾ ಇರ್ರಿ. ಇದು ಕೆಟ್ಟರ ಗಂಗಾವತಿ ಕಡೆ ಹುಡುಗನ್ನ ನೋಡಿ ಇಟ್ಟಾರ. ದಸರಾ ಆಗೋದ್ರಾಗ ಆಕಿನ್ನ ಕೊಟ್ಟುಬಿಡ್ತಾರ.”

ಡ್ಯಾಮಿನ ಮಾತು ಯಾಕೆ ಅಂತೀರಾ? ನಮ್ಮ ಕಡೆ ಹೆಣ್ಣು ನೋಡಲು ಹೋದವರು ನೇರ ವಿಷಯಕ್ಕೆ ಬರುವುದು ಅಸಭ್ಯತನ. ಮೊದಲು ತುಂಗಭದ್ರಾ ಡ್ಯಾಮಿಗೆ ಎಷ್ಟು ನೀರು ಬಂತು ಎಂದು ಮಾತಾಡಬೇಕು. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ. ಅಷ್ಟರಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆ ಬರುತ್ತದೆ, ಜೊತೆಗೆ ಮಿರ್ಚಿ ಬಜ್ಜಿ. ತಟ್ಟೆ ಖಾಲಿಯಾಗುವವರೆಗೂ ಡ್ಯಾಂ. ಖಾಲಿಯಾದ ಮೇಲೆ ಲಗ್ನದ ಮಾತು. ಇನ್ನೂ ಒಂದು ಕಟ್ಟುಪಾಡಿದೆ. ಬಡಿಸಿದ್ದನ್ನು ತಟ್ಟೆಯಲ್ಲಿ ಬಿಟ್ಟು ಎದ್ದರೆ, ಬಾಯಿಬಿಟ್ಟು ಹೇಳದಿದ್ದರೂ, ಈ ಸಂಬಂಧ ಬೇಡ ಎಂದೇ ಅರ್ಥ. ಹಾಗೆ ಎದ್ದುಹೋದವರ ಮನೆಯ ಹೊಸಲನ್ನು ಮತ್ತೆ ಯಾರೂ ತುಳಿಯುವುದಿಲ್ಲ.

ಎಲ್ಲ ಸರಿಯಾಗಿಯೇ ಶುರುವಾಯಿತು. ಪಡಸಾಲೆಯಲ್ಲಿ ಸೋಫಾ. ಸೋಫಾಕ್ಕೆ ಅಂಗಡಿಯವರು ಹಾಕಿದ ಪ್ಲಾಸ್ಟಿಕ್ ಹಾಗೆಯೇ ಇತ್ತು. ನಾನು ಸೋದರಮಾವನಿಗೆ ತಕ್ಕ ಗಾಂಭೀರ್ಯದಿಂದ ಡ್ಯಾಮಿನ ವಿಷಯ ಎತ್ತಿದೆ.

“ತುಂಬೇತ್ರಿ,” ಅಂದರು ಸಾಹುಕಾರರು.

“ತುಂಬೇತಿ,” ಅಂದರು ಭಾವ.

ಮುಗಿಯಿತು. ತುಂಬಿದ ಡ್ಯಾಮಿನ ಬಗ್ಗೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಅರ್ಧ ತುಂಬಿದ್ದರೆ ಒಂದು ಗಂಟೆ ಎಳೆಯಬಹುದು. ಖಾಲಿ ಇದ್ದರಂತೂ ಊಟದ ಹೊತ್ತಿನವರೆಗೂ ಸರ್ಕಾರವನ್ನು ಬೈಯಬಹುದು. ಈ ವರ್ಷದ ಒಳ್ಳೆಯ ಮಳೆಯೇ ನಮಗೆ ಮುಳುವಾಯಿತು. ತಟ್ಟೆಗಳಲ್ಲಿ ಒಗ್ಗರಣೆ ಇನ್ನೂ ಇದೆ, ಮಾತು ಮಾತ್ರ ಮುಗಿದಿದೆ. ಎದುರಿಗೆ ಟೀಪಾಯ್ ಮೇಲೆ ಪೇಪರ್ ಕಾಣಿಸಿತು. ಸುಮ್ಮನಿರಲಾರದೆ ಕೇಳಿದೆ: “ಪೇಪರ್‌ನಾಗ ಏನ್ ಬಂದೈತ್ರಿ ಸಾವ್ಕಾರ್ರ, ಇವತ್ತು?”

ಮಂಜು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವಂತಿಲ್ಲ.

ಸಾಹುಕಾರರು ಕನ್ನಡಕ ಏರಿಸಿ ಓದಿದರು. ಹಳೆಯ ಪಿಂಚಣಿ ಪದ್ಧತಿಗಾಗಿ ಸರ್ಕಾರಿ ನೌಕರರ ಹೋರಾಟ.

ಆಮೇಲೆ ನಡೆದದ್ದನ್ನು ಸಂಕ್ಷಿಪ್ತವಾಗಿ ವರದಿ ಮಾಡುತ್ತೇನೆ. ತಾವು ಇನ್‌ಕಂ ಟ್ಯಾಕ್ಸ್ ಕಟ್ಟುತ್ತೇವೆ, ಜಿಎಸ್‌ಟಿ ಕಟ್ಟುತ್ತೇವೆ, ಮಾರ್ಕೆಟ್ ಸೆಸ್ ಕಟ್ಟುತ್ತೇವೆ, ಎಲ್ಲ ಎಲ್ಲಿಗೆ ಹೋಗುತ್ತದೆ ಎಂದು ಸಾಹುಕಾರರು ಕೇಳಿದರು. ಉತ್ತರವನ್ನೂ ಅವರೇ ಹೇಳಿದರು. “ದುಡಿಯೋವಾಗೂ ಪಗಾರ, ಬಿಟ್ಟ ಮ್ಯಾಲೂ ಪಗಾರ. ನಾಳೆ ನನ್ನ ಮಿಲ್ಲು ಬಂದಾದ್ರ ನನಗ ಯಾರ್ರೀ ಕೊಡ್ತಾರ?”

ಭಾವ ಚಮಚ ಕೆಳಗಿಟ್ಟರು. (ಶಾಲೆಯಲ್ಲಿ ಸೀಮೆಸುಣ್ಣ ಕೆಳಗಿಟ್ಟರೆ ಹುಡುಗರು ಉಸಿರು ಬಿಗಿಹಿಡಿಯುತ್ತಿದ್ದರಂತೆ.) ಪಿಂಚಣಿ ಭಿಕ್ಷೆಯಲ್ಲ, ದುಡಿದ ಕಾಲದಲ್ಲಿ ಕಡಿಮೆ ಕೊಟ್ಟಿದ್ದನ್ನು ಸರ್ಕಾರ ತಡವಾಗಿ ಕೊಡುವುದು ಎಂದರು. ಖಜಾನೆಯಲ್ಲಿ ದುಡ್ಡಿಲ್ಲದಿದ್ದರೆ ಇದ್ದವರಿಂದ ವಸೂಲು ಮಾಡಿ ಎಂದರು.

“ಇದ್ದೋರು ಅಂದ್ರ ಯಾರ್ರೀ?”

ಭಾವ ಮೇಲೆ ತೂಗುಹಾಕಿದ ಗಾಜಿನ ದೀಪದ ಗೊಂಚಲನ್ನು ಒಮ್ಮೆ ನೋಡಿದರು. ಕಿಟಕಿಯಾಚೆ ನಿಂತಿದ್ದ ಎರಡು ಕಾರುಗಳನ್ನು ಒಮ್ಮೆ ನೋಡಿದರು. ಅಷ್ಟೇ.

“ನಾವೆಲ್ಲಿ ಶ್ರೀಮಂತರು ಮಾಸ್ತರ್ರ?” ಅಂದರು ಸಾಹುಕಾರರು, ನಿಜವಾಗಿಯೂ ನೊಂದು. “ಶ್ರೀಮಂತರನ್ನ ನೋಡಬೇಕಂದ್ರ ಸಂಡೂರಿಗೆ ಹೋಗ್ರಿ.”

ಇಲ್ಲಿ ಸ್ವಲ್ಪ ನಿಲ್ಲಿಸಿ, ನನ್ನ ಬಹುಕಾಲದ ಸಂಶೋಧನೆಯೊಂದನ್ನು ನಿಮ್ಮ ಮುಂದಿಡಬೇಕು. ಸಂಡೂರಿನಲ್ಲಿ ನನಗೆ ಅದಿರು ಲಾರಿಗಳ ಮಾಲೀಕರೊಬ್ಬರು ಪರಿಚಯ. ಅವರ ಪ್ರಕಾರ ಲಾರಿ ಇದ್ದವರು ಶ್ರೀಮಂತರಲ್ಲ, ಸಾಲಗಾರರು. ಶ್ರೀಮಂತರು ಹಂಪಿ ಕಡೆ ಇದ್ದಾರೆ, ಫಾರಿನ್ನಿನವರ ದುಡ್ಡು ಎಣಿಸುತ್ತಾರೆ. ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಗೆಳೆಯನನ್ನು ಕೇಳಿದರೆ ಅವನು ನಕ್ಕ. ವರ್ಷದಲ್ಲಿ ಅರ್ಧ ಕಾಲ ಕೋಣೆಗಳು ಖಾಲಿ, ನಿಜವಾದ ಕುಳಗಳು ಹೊಸಪೇಟೆಯ ಲಾಡ್ಜಿನವರು ಅಂದ. ಹೊಸಪೇಟೆಯ ಲಾಡ್ಜಿನ ಮಾಲೀಕರು ಕೈಮುಗಿದು ಅಂದರು: ಅಯ್ಯೋ ಬಿಡಿ ಸಾರ್, ದುಡ್ಡೆಲ್ಲ ಕಂಪ್ಲಿ ರೈಸ್ ಮಿಲ್ಲಿನವರ ಹತ್ತಿರ ಇದೆ.

ಅಂದರೆ ಶ್ರೀಮಂತ ಅನ್ನುವವನು ಯಾವಾಗಲೂ ಪಕ್ಕದ ತಾಲ್ಲೂಕಿನಲ್ಲಿರುತ್ತಾನೆ. ಕೆಲಸ ಮಾಡದೆ ಸಂಬಳ ತಿನ್ನುವ ನೌಕರ ಯಾವಾಗಲೂ ಪಕ್ಕದ ಇಲಾಖೆಯಲ್ಲಿರುವ ಹಾಗೆ. ಇಬ್ಬರನ್ನೂ ಇದುವರೆಗೆ ಅವರವರ ಮನೆಯಲ್ಲಿ ಕಂಡವರಿಲ್ಲ.

ಈಗ ಪಡಸಾಲೆಗೆ ಮರಳೋಣ. ಪರಿಸ್ಥಿತಿ ಹದಗೆಟ್ಟಿತ್ತು.

“ಹಂಗಾದ್ರ,” ಸಾಹುಕಾರರು ಅನ್ನುತ್ತಿದ್ದರು, “ಟ್ಯಾಕ್ಸ್ ಕಟ್ಟಿ ಒಮ್ಮೆ ಸಾಕಬೇಕು, ಮಗಳನ್ನ ಕೊಟ್ಟು ಇನ್ನೊಮ್ಮೆ ಸಾಕಬೇಕು ಅನ್ರಿ.”

ಅಕ್ಕ ಸೆರಗು ಹೊದ್ದುಕೊಂಡಳು. ಸಾಹುಕಾರರ ಹೆಂಡತಿ ಗಂಡನತ್ತ ಕಣ್ಣು ಬಿಟ್ಟರು. ಭಾವ ಒಂದು ಕೈ ಮೊಣಕಾಲ ಮೇಲಿಟ್ಟರು. ಅವರನ್ನು ಬಲ್ಲವರಿಗೆ ಗೊತ್ತು, ಏಳುವ ಮುನ್ನ ಅವರು ಹಾಗೆ ಕೈ ಇಡುತ್ತಾರೆ. ತಟ್ಟೆಯಲ್ಲಿ ಇನ್ನೂ ಮೂರು ನಾಲ್ಕು ತುತ್ತು ಒಗ್ಗರಣೆ ಇತ್ತು. ಮಂಜುವಿನ ಮುಖ ನೀರು ನಿಲ್ಲಿಸಿದ ಕಾಲುವೆಯಂತಾಗಿತ್ತು.

ಆಗ ಅಡುಗೆಮನೆಯ ಪರದೆ ಸರಿಸಿ ಶೈಲಜಾ ಬಂದಳು. ಕೈಯಲ್ಲಿ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಆಗಷ್ಟೇ ಎಣ್ಣೆಯಿಂದ ಎತ್ತಿದ ಮಿರ್ಚಿ. ಭಾವನ ತಟ್ಟೆಗೆ ಎರಡು ಹಾಕಿದಳು. ಅಪ್ಪನ ತಟ್ಟೆಗೆ ಎರಡು ಹಾಕಿದಳು. “ಬಿಸಿ ಅದಾವ. ನಿಧಾನಕ್ಕ ತಿನ್ರಿ,” ಅಂದು ಬಾಗಿಲ ಹತ್ತಿರ ನಿಂತಳು.

ಭಾವ ಕೈಯನ್ನು ಮೊಣಕಾಲಿನಿಂದ ತೆಗೆದರು. ಬೇರೆ ದಾರಿ ಇರಲಿಲ್ಲ. ಹುಡುಗಿ ತಾನೇ ಬಡಿಸಿದ್ದನ್ನು ಬಿಟ್ಟು ಎದ್ದವನೆಂಬ ಹೆಸರು ಯಾರಿಗೆ ಬೇಕು?

ಬಿಸಿ ಮಿರ್ಚಿಯ ಒಂದು ಗುಣವೆಂದರೆ, ಅದು ಬಾಯಲ್ಲಿರುವಾಗ ಅರ್ಥಶಾಸ್ತ್ರ ಮಾತಾಡಲು ಬರುವುದಿಲ್ಲ. ಇಬ್ಬರೂ ಹಿರಿಯರು ಬಾಯಿ ತೆರೆದು ಹಬೆ ಬಿಡುತ್ತ, ಕಣ್ಣಲ್ಲಿ ನೀರು ತಂದುಕೊಂಡು ಕೂತರು. ಆ ಸಂದಿನಲ್ಲಿ, ಅಲ್ಲಿಯವರೆಗೆ ತುಟಿ ಬಿಚ್ಚದ ಮಂಜು ಮಾತಾಡಿದ.

“ಸಾವ್ಕಾರ್ರ, ನನಗ ಪಿಂಚಣಿ ಇಲ್ರಿ.”

ಸಾಹುಕಾರರ ಎರಡನೇ ಮಿರ್ಚಿ ದಾರಿಯಲ್ಲೇ ನಿಂತಿತು. “ಇಲ್ಲಂದ್ರ?”

“ಈಚೀಗೆ ಸೇರಿದೋರಿಗೆ ಹಳೇ ಪಿಂಚಣಿ ಇಲ್ರಿ. ಪಗಾರದಾಗ ಹಿಡೀತಾರ, ಸರ್ಕಾರನೂ ಒಂದಿಷ್ಟು ಸೇರಸ್ತೈತಿ, ಶೇರು ಮಾರ್ಕೆಟ್ಟಿಗೆ ಹಾಕ್ತಾರ. ರಿಟೈರ್ ಆದಾಗ ಎಷ್ಟು ಬರ್ತದೋ ಅಷ್ಟು.”

“ಮಾರ್ಕೆಟ್ ಬಿತ್ತಂದ್ರ?”

“ಬಿತ್ರಿ.”

ಹುಡುಗನ ಧೈರ್ಯ ನೋಡಿ. ಸಾಹುಕಾರರಿಗೆ ಸರ್ಕಾರಿ ಅಳಿಯ ಬೇಕಾಗಿದ್ದೇ, ಅವನು ಮುದುಕನಾದ ಮೇಲೂ ಮಗಳ ಮನೆಗೆ ತಿಂಗಳು ತಿಂಗಳು ದುಡ್ಡು ಬರುತ್ತದೆ ಅನ್ನುವ ಭರವಸೆಗೆ. ಆ ಭರವಸೆಯನ್ನೇ ಇವನು ತಾನಾಗಿ ಕಿತ್ತು ಮುಂದಿಟ್ಟ. ಭಾವನೂ ಇದನ್ನು ಹೇಳದೆ ಮುಚ್ಚಿಟ್ಟುಕೊಂಡೇ ಬಂದಿದ್ದರು. ಶೈಲಜಾಳಿಗೆ ಮೊದಲೇ ಗೊತ್ತಿತ್ತೆಂದು ಅವಳ ಮುಖ ಹೇಳುತ್ತಿತ್ತು. ಈಗ ಹೇಳಬಾರದಿತ್ತು ಎಂದೂ ಹೇಳುತ್ತಿತ್ತು. ಗಂಗಾವತಿಯ ಹುಡುಗ ನನಗೆ ಕಣ್ಣೆದುರೇ ಬಾಸಿಂಗ ಕಟ್ಟಿಕೊಂಡಂತೆ ಕಂಡ.

ಸಾಹುಕಾರರು ಮಿರ್ಚಿ ಕೆಳಗಿಟ್ಟರು. ಹುಡುಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮಗಳನ್ನು ನೋಡಿದರು. ಅವಳು ನೆಲ ನೋಡಲಿಲ್ಲ, ಅಪ್ಪನನ್ನೇ ನೋಡಿದಳು. ಅವರಿಗೆ ಏನೇನು ಅರ್ಥವಾಯಿತೋ ನನಗೆ ಗೊತ್ತಿಲ್ಲ. ಕಾಲುವೆ ರಿಪೇರಿಯ ಪರಿಶೀಲನೆಗಳೂ ಅರ್ಥವಾಗಿರಬಹುದು.

“ಮಾಸ್ತರ್ರ,” ಅಂದರು ಕೊನೆಗೆ, “ಇದು ಭಾಳ ಅನ್ಯಾಯ. ಮಳಿ ಅನ್ನದ ಬಿಸಲು ಅನ್ನದ ಕಾಲುವಿ ಕಾಯೋ ಹುಡುಗ. ಅವನಿಗೆ ಪಿಂಚಣಿ ಇಲ್ಲಂದ್ರ ಹೆಂಗ? ಸರ್ಕಾರ ಕೊಡಬೇಕು.”

ಭಾವ ಕೊನೆಯ ಬೆಂಚಿನ ಹುಡುಗನನ್ನು ಕೇಳುವ ದನಿಯಲ್ಲಿ ಕೇಳಿದರು: “ಕೊಡಬೇಕು ಖರೆ. ರೊಕ್ಕ ಎಲ್ಲಿಂದ ತರಬೇಕ್ರಿ?”

ಸಾಹುಕಾರರು ಕೆಳಗಿಟ್ಟ ಮಿರ್ಚಿಯನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಅಂದರು: “ಶ್ರೀಮಂತರ ಮ್ಯಾಲೆ ಹಾಕ್ಲಿ. ಸಂಡೂರಾಗ ಅದಾರಲ್ಲ.”

ಭಾವ ಗೆದ್ದರು ಅಂದುಕೊಂಡಿರಾ? ತಡೆಯಿರಿ. ಸಾಹುಕಾರರು ಮಾತು ಮುಂದುವರಿಸಿ, ತಮಗೆ ಮಗ ಬೇರೆ ಮಗಳು ಬೇರೆ ಅಲ್ಲವೆಂದೂ, ಮಿಲ್ಲಿನಲ್ಲಿ ಅಣ್ಣನಷ್ಟೇ ಪಾಲು ಶೈಲಜಾಳಿಗೂ ಬರೆದಿಟ್ಟಿರುವುದಾಗಿಯೂ ತಿಳಿಸಿದರು. ಭಾವ ಗಂಟಲು ಸರಿಮಾಡಿಕೊಂಡರು. ಮಿಲ್ಲು ಅನ್ನುವುದು ನಾಲ್ಕು ಜನಕ್ಕೆ ಕೆಲಸ ಕೊಡುವಂಥದ್ದು, ಅದನ್ನು ಆಸ್ತಿ ಎಂದು ಕರೆದು ತೆರಿಗೆ ಹಾಕುವುದು ದುಡುಕಾಗುತ್ತದೆ ಎಂದರು. ಕಾಲುವೆ ದಂಡೆಯ ಇಷ್ಟು ವರ್ಷಗಳ ವಾಕಿಂಗಿನಲ್ಲಿ ಯಾರೂ ಅವರ ಬಾಯಿಂದ ಈ ಮಾತು ಕೇಳಿದ್ದಿಲ್ಲ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಲಗ್ನ ಕಾರ್ತಿಕದಲ್ಲಿ ಎಂದು ಮಾತಾಯಿತು.

ಹೊರಡುವಾಗ ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು, ಹಳೆಯ ಪಿಂಚಣಿ ವಾಪಸು ಬರಲೇಬೇಕೆಂದು ನಿಮ್ಮ ಅಂಕಣದಲ್ಲಿ ಬರೆಯಿರಿ ಅಂದರು. ಎಲ್ಲರಿಗೂ ಆಗದಿದ್ದರೆ ಸದ್ಯಕ್ಕೆ ಕಾಲುವೆ ಕೆಲಸದವರಿಗಾದರೂ ಸಾಕಂತೆ. ಬಸ್ಸಿನಲ್ಲಿ ಭಾವ, ಶ್ರೀಮಂತರ ತೆರಿಗೆ ಬಗ್ಗೆ ಬರೆಯುವಾಗ ಅಕ್ಕಿ ಗಿರಣಿಗಳಿಗೆ ವಿನಾಯಿತಿ ಎಂದು ಸೇರಿಸು ಅಂದರು. ಶೈಲಜಾ ಮಾತ್ರ, ಏನು ಬರೆದರೂ ಲಗ್ನ ಆದ ಮೇಲೆ ಬರೆಯಿರಿ ಎಂದಿದ್ದಳು. (ಹೆಸರು ಬದಲಿಸಿದ್ದೇನೆ ತಾಯಿ, ಕ್ಷಮಿಸು.)

ತಮಾಷೆ ಪಕ್ಕಕ್ಕಿಟ್ಟು ನೋಡಿದರೆ, ಇಬ್ಬರೂ ಸುಳ್ಳು ಹೇಳಿರಲಿಲ್ಲ. ಪಿಂಚಣಿಯ ಭಾರ ನಿಜ. ಇದ್ದವರು ಕೊಡದೆ ಜಾರಿಕೊಳ್ಳುವುದೂ ನಿಜ. ಶಾಲೆಗೆ ಮಾಸ್ತರು ಬೇಕು, ಆಸ್ಪತ್ರೆಗೆ ನರ್ಸ್ ಬೇಕು, ಕಾಲುವೆಗೆ ಇಂಜಿನಿಯರ್ ಬೇಕು. ಅವರ ಮುಪ್ಪಿನ ಖರ್ಚು ಮಾತ್ರ ಪಕ್ಕದ ತಾಲ್ಲೂಕಿನವರು ಕೊಡಬೇಕು. ಎದುರು ಪಕ್ಷದವರ ಕಷ್ಟ ನಮ್ಮ ಪಡಸಾಲೆಯಲ್ಲಿ ಬಂದು ಕೂರುವ ತನಕ ನಮಗೆ ಅದು ಬರೀ ಪೇಪರಿನ ಹೆಡ್‌ಲೈನು.

ಹಾಗಾಗಿ ಸರ್ಕಾರಕ್ಕೆ ನನ್ನದೊಂದು ನಮ್ರ ಸಲಹೆ. ಪ್ರತಿಯೊಬ್ಬ ಶ್ರೀಮಂತನೂ ಒಬ್ಬ ಸರ್ಕಾರಿ ನೌಕರನನ್ನು ಕಡ್ಡಾಯವಾಗಿ ಅಳಿಯನನ್ನಾಗಿ ಮಾಡಿಕೊಳ್ಳಲಿ. ಈ ಜಗಳ ಒಂದೇ ಲಗ್ನದ ಸೀಸನ್ನಿನಲ್ಲಿ ಮುಗಿದುಹೋಗುತ್ತದೆ.

ಆದರೆ ಅಷ್ಟು ಅಳಿಯಂದಿರನ್ನು ನೇಮಕ ಮಾಡಿಕೊಳ್ಳಲು ಖಜಾನೆಯಲ್ಲಿ ದುಡ್ಡೆಲ್ಲಿದೆ?