ಟಕ್ಕೆನ್ನದ ಚಾಕು

ನಮ್ಮ ಅತ್ತೆಯ ಬೆರಳ ತುದಿಗೆ ಏನು ಮುಟ್ಟಿದರೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಹಾಗೆ ಮಾಡಿದೆ. ಡಾಕ್ಟರು ಒಮ್ಮೆ ಅವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಹೆಬ್ಬೆರಳನ್ನು ಸವರುತ್ತ, "ತೆರಿಯುದಾಮ್ಮಾ? ಇಪ್ಪೋ?" ಎಂದು ತಮಿಳಿನಲ್ಲಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳುತ್ತಲೇ ಇದ್ದರು. ಅತ್ತೆ ನನ್ನ ಕಡೆ ವಾಲಿ, "ಇವ್ರು ಮುಟ್ಟೋದು ಯಾವಾಗ್ಲೇ?" ಎಂದು ಪಿಸುಗುಟ್ಟಿದರು. ನಗು ಬರುವಂಥ ಮಾತೇ. ನನಗೆ ಮಾತ್ರ ನಗು ಬರಲಿಲ್ಲ. ಇದೇ ಕಾಯಿಲೆಯಿದ್ದ ನಮ್ಮ ಎದುರು ಮನೆಯ ತಾತನಿಗೆ ಚಪ್ಪಲಿ ಕಚ್ಚಿದ ಗಾಯ ಮಾಯದೆ, ಕೊನೆಗೆ ಕಾಲ್ಬೆರಳನ್ನೇ ತೆಗೆದುಹಾಕಿದ್ದರು. ಅತ್ತೆಯ ಬೆರಳಿಗೂ ಹಾಗೇನಾದರೂ ಆದರೆ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅವರ ಕೆಲಸವೆಲ್ಲ ಆ ಬೆರಳುಗಳದ್ದೇ. ಸೇಲಂನ ನಮ್ಮ ಮನೆಯಲ್ಲಿ ಯಜಮಾನರು ಮಗ್ಗದಲ್ಲಿ ಬಿಳಿ ರೇಷ್ಮೆ ಪಂಚೆ ನೇಯುತ್ತಾರೆ. ಒಂದು ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಅದರ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಬೂದಿ ಮುಟ್ಟಿಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎರಡು ಎಳೆ ಇಟ್ಟು ಹೊಸೆಯುವುದು ಅತ್ತೆಯ ಪಾಲಿನ ಕೆಲಸ. ಬೆರಳು ಮರೆತದ್ದನ್ನು ಕಣ್ಣು ನಡೆಸಿಕೊಂಡು ಹೋಗುತ್ತದೆ. ಎಳೆಯ ಮೇಲಿಂದ ದೃಷ್ಟಿ ತೆಗೆಯುವುದೇ ಇಲ್ಲ. ಗಂಟು, ತುದಿಗಳನ್ನು ಕತ್ತರಿಸಲು ಬ್ಲೇಡಿನ ಚೂರೊಂದನ್ನು ಇಟ್ಟುಕೊಂಡಿದ್ದರು.

ಅಂಥವರು ಮೇಚೇರಿಯಲ್ಲಿರುವ ತಮ್ಮ ಅಕ್ಕನ ಮನೆಗೆ ಹೋದವರು, ಅಲ್ಲಿನ ಸಂತೆಯಿಂದ ಒಂದು ಮಡಚುವ ಚಾಕು ತಂದರು.

"ನೋಡು ಪುಳ್ಳೆ. ಬ್ಲೇಡಿನ ಚೂರು ಇಡ್ಕೊಂಡ್ರೆ ಇಡ್ದಿದೀನೋ ಬುಟ್ಟಿದೀನೋ ಗೊತ್ತಾಗ್ದು. ಇದ್ಕೆ ಇಡಿ ಐತೆ. ಲಾಕೂ ಐತೆ. 'ತಾನಾ ಮಡಂಗಾದು ಪಾಟ್ಟಿ' ಅಂದ ಅಂಗಡಿಯೋನು. ತಾನಾಗಿ ಮಡಚ್ಕಳಾದಿಲ್ಲ ಅಜ್ಜೀ ಅಂತ."

ಚಾಕುವನ್ನು ನೆಲದ ಮೇಲಿಟ್ಟರು. ನಾನು ನೆಲದಿಂದಲೇ ಎತ್ತಿಕೊಂಡೆ. ನಮ್ಮ ಮನೆಯಲ್ಲಿ ಚಾಕು ಕತ್ತರಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ. ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ಸಿಸ್ಟರ್ ಕಲಿಸಿದ್ದು ಬೇರೆ: ಅಲಗನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡು ಹಿಡಿಯನ್ನು ಇನ್ನೊಬ್ಬರಿಗೆ ಚಾಚಬೇಕು. ಮದುವೆಯಾದ ಹೊಸದರಲ್ಲಿ ನಾನು ಹಾಗೆ ಚಾಚಿದ ಕತ್ತರಿಯನ್ನು ನೋಡಿ ಅತ್ತೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು.

ಚಾಕು ಚೆಂದವಾಗಿತ್ತು. ಮಡಚಿದಾಗ ನನ್ನ ನಡುಬೆರಳಿಗಿಂತ ತುಸು ಉದ್ದ. ಕಪ್ಪು ಹಿಡಿಯ ಒಂದು ಬದಿಗೆ, ಜೇಬಿಗೋ ಸೊಂಟಕ್ಕೋ ಸಿಕ್ಕಿಸಲು ಕೊಕ್ಕೆ. ಅಲಗಿನ ಬುಡದಲ್ಲಿ ಮೂಗುಬೊಟ್ಟಿನಷ್ಟು ಪುಟ್ಟ ಗುಬುಟು. ಅದನ್ನು ಹೆಬ್ಬೆರಳಿನಿಂದ ದೂಡಿದರೆ ಅಲಗು ತಿರುಗುತ್ತ ಹೊರಬಂದು, ಕೊನೆಯಲ್ಲಿ ಟಕ್ ಎನ್ನುತ್ತದೆ. ಆ ಸದ್ದು ಎಲ್ಲಿಯದೆಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಿಡಿಯ ಒಳಗೋಡೆಗೆ ತೆಳು ಉಕ್ಕಿನ ತಗಡು. ಅದರಲ್ಲಿ ಒಂದು ಪಟ್ಟಿಯನ್ನು ಸೀಳಿ, ನಾಲಿಗೆಯ ಹಾಗೆ ಒಳಕ್ಕೆ ಬಾಗಿಸಿದ್ದರು. ಅಲಗು ಪೂರ್ತಿ ತೆರೆದುಕೊಂಡ ಕೂಡಲೇ ಆ ನಾಲಿಗೆ ಚಿಮ್ಮಿ ಅದರ ಬುಡದ ಹಿಂದೆ ಅಡ್ಡ ನಿಲ್ಲುತ್ತದೆ. ಆಮೇಲೆ ಎಷ್ಟು ಒತ್ತಿದರೂ ಅಲಗು ಮಡಚಿಕೊಳ್ಳುವುದಿಲ್ಲ. ಅಂಗಡಿಯವನು ಹೇಳಿದ್ದು ನಿಜವೇ.

ಆದರೆ ಮುಚ್ಚುವುದು? ಮುಚ್ಚಲು ಹೆಬ್ಬೆರಳನ್ನು ಹಿಡಿಯ ಸಂದಿಗೆ ಇಳಿಸಿ, ನಾಲಿಗೆಯನ್ನು ಪಕ್ಕಕ್ಕೆ ತಳ್ಳಿಹಿಡಿದು, ಇನ್ನೊಂದು ಕೈಯಿಂದ ಅಲಗನ್ನು ಬಗ್ಗಿಸಬೇಕು. ಅಲಗು ಬಂದು ಸೇರುವ ದಾರಿಯಲ್ಲೇ ಹೆಬ್ಬೆರಳು ಇರುತ್ತದೆ. ನಾಲಿಗೆ ಸರಿಯಿತೆಂದು ಬೆರಳಿಗೇ ತಿಳಿಯಬೇಕು. ತಿಳಿದ ಗಳಿಗೆಯಲ್ಲೇ ಅದು ಹೊರಗೆ ಬಂದುಬಿಡಬೇಕು. ನಾನು ಅತ್ತೆಯ ಹೆಬ್ಬೆರಳನ್ನು ನೋಡಿದೆ. ಬೂದಿ ಹತ್ತಿದ, ಬಿಳಿಚಿಕೊಂಡ, ಏನೂ ತಿಳಿಯದ ಬೆರಳು.

"ಅತ್ತೆ, ಇದು ಬೇಡ. ಮುಚ್ಚೋವಾಗ ಬೆರಳು ಹೋಗ್ಬಿಡುತ್ತೆ."

"ಸಿಸ್ಟರ್ಗಳು ನಿಂಗೆ ಬರೀ ಎದ್ರೋದೇ ಕಲ್ಸವ್ರೆ ಕಣ್ಣು," ಎಂದು ತಮಿಳರಂತೆ ಮುದ್ದಿಗೆ 'ಕಣ್ಣು' ಸೇರಿಸಿ, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಜಮಾನರಿಗೆ ಹೇಳಿದರೆ, "ನೀನು ದೋಸೆಕಲ್ಲಿಗೂ ಬಯ ಬೀಳ್ತೀಯ," ಎಂದು ನಕ್ಕರು.

ಅಲ್ಲಿಂದ ನನ್ನ ಕಿವಿ ಅಡುಗೆಮನೆಯಲ್ಲಿದ್ದೂ ಮಗ್ಗದ ಕಡೆಗೇ ಇರುತ್ತಿತ್ತು. ಟಕ್ ಎಂದರೆ ತೆರೆದರು. ಆಮೇಲೆ ಮುಚ್ಚುವವರೆಗೆ ಕಾಯುತ್ತಿದ್ದೆ. ಅತ್ತೆ ಮುಚ್ಚಲು ಹೆಣಗುವುದು ಕೇಳುತ್ತಿತ್ತು. "ಥೂ, ಶನಿ," ಎಂದು ಚಾಕುವಿಗೆ ಬೈಗುಳ, ಬಳೆಗಳ ಸದ್ದು, ಮತ್ತೆ ಮೌನ. ಆ ಮೌನದಲ್ಲಿ ನಾನು ಸೌಟು ಹಿಡಿದು ನಿಂತೇ ಇರುತ್ತಿದ್ದೆ. ಅಲಗು ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಕೈ ಆಡುತ್ತಿದ್ದುದು.

ಒಂದು ಬೆಳಿಗ್ಗೆ ಯಜಮಾನರು ನೇಯ್ದ ಪಂಚೆಗಳನ್ನು ಅಂಗಡಿಗೆ ಕೊಡಲು ಹೋಗಿದ್ದರು. ಅತ್ತೆ ಹೊಸ ಹಾಸು ಕೂಡಿಸಲು ಕೂತಿದ್ದರು. ನಾನು ಎಣ್ಣೆಗೆ ಸಾಸಿವೆ ಹಾಕಿದ್ದೆ. ಚಾಕುವಿನ ಕೊಕ್ಕೆ ಸೀರೆಯಿಂದ ಬಿಡಿಸಿಕೊಂಡು ಬಂದದ್ದು ಕೇಳಿಸಿತು. ಅದರ ಹಿಂದೆ ಟಕ್ ಬರಬೇಕಿತ್ತು. ಬರಲಿಲ್ಲ. ಸಾಸಿವೆ ಸಿಡಿದು ಮುಗಿಯಿತು, ಆಗಲೂ ಬರಲಿಲ್ಲ. ಒಲೆ ಆರಿಸಿ ಬಾಗಿಲಿಗೆ ಬಂದೆ.

ಅತ್ತೆ ನೂಲಿನ ಕಟ್ಟಿನ ಗಂಟಿಗೆ ಚಾಕುವಿನ ಮೊನೆ ತೂರಿಸಿ ಒತ್ತುತ್ತಿದ್ದರು. ತೆರೆದ ಅಲಗು ಗಟ್ಟಿಯಾಗಿ ನಿಂತಿರಲಿಲ್ಲ. ಕೀಲು ಸಡಿಲವಾದ ಬಾಗಿಲಿನಂತೆ, ಒತ್ತಿದಾಗಲೆಲ್ಲ ಅವರ ಬೆರಳುಗಳ ಕಡೆಗೆ ವಾಲಿ, ಮತ್ತೆ ನೆಟ್ಟಗಾಗುತ್ತಿತ್ತು.

ಕೂಗಿಕೊಂಡರೆ ಬೆಚ್ಚಿಬೀಳುತ್ತಾರೆ. ಕಿತ್ತುಕೊಳ್ಳಲು ಹೋದರೆ ಬಿಗಿಹಿಡಿಯುತ್ತಾರೆ. ಆದಷ್ಟು ಮೆಲ್ಲಗೆ, ಕೊತ್ತಂಬರಿ ಸೊಪ್ಪು ಕೇಳುವ ಹಾಗೆ ಕೇಳಿದೆ:

"ಅತ್ತೆ, ಆ ಚಾಕು ನಂಗೊಂದ್ಸಲ ಬೇಕಿತ್ತು."

ನನ್ನ ಕಡೆ ನೋಡದೆಯೇ, ಯಾವಾಗಲೂ ಮಾಡುವಂತೆ, ಅದನ್ನು ನೆಲಕ್ಕಿಟ್ಟು ಕೈ ತೆಗೆದರು. ಮತ್ತೆ ಎಳೆ ಹೊಸೆಯತೊಡಗಿದರು.

ಚಾಕು ಎತ್ತಿಕೊಂಡೆ. ಹಿಡಿಯ ಒಂದು ಬದಿಗೆ ಪಂಚೆಯ ಅಂಚಿಗೆ ಬಳಸುವ ಕೆಂಪು ರೇಷ್ಮೆಯನ್ನು ಒತ್ತೊತ್ತಾಗಿ, ಅಂದವಾಗಿ ಸುತ್ತಿದ್ದರು. ಒಳಗಿನ ಆ ನಾಲಿಗೆಯನ್ನೂ ಸೇರಿಸಿ ಗೋಡೆಗೆ ಬಿಗಿದು ಕಟ್ಟಿಬಿಟ್ಟಿದ್ದರು. ಇನ್ನು ಅದು ಚಿಮ್ಮುವುದೆಲ್ಲಿಂದ? ಒಂದು ಕಡೆ ನೂಲಿನ ಕೆಂಪು ಗಾಢವಾಗಿತ್ತು. ಮುಟ್ಟಿದೆ. ಒದ್ದೆ.

"ಅತ್ತೆ, ಕೈ ತೋರ್ಸಿ."

"ಯಾಕ್ಲೇ?"

ಎತ್ತಿದ ಕೈಯಲ್ಲಿ ರಕ್ತ ಹೆಬ್ಬೆರಳ ತುದಿಯಿಂದ ಇಳಿದು ಬಳೆಗಳವರೆಗೆ ಹೋಗಿತ್ತು. ಆಗಲೇ ಹೊಸೆದಿಟ್ಟ ಬಿಳಿ ಎಳೆಗಳ ಮೇಲೆ ಕೆಂಪು ಚುಕ್ಕಿಗಳು.

"ಅಯ್ಯೋ, ಪಟ್ಟು!" ಎಂದು ಅತ್ತೆ ಚೀರಿದರು. ರೇಷ್ಮೆ ಹಾಳಾಯಿತೆಂದು ಚೀರಿದ್ದು, ಬೆರಳಿಗಲ್ಲ.

ಆಟೋದಲ್ಲಿ ಅವರ ಕೈಯನ್ನು ನನ್ನ ಸೆರಗಿನಲ್ಲಿ ಸುತ್ತಿ ಎತ್ತಿಹಿಡಿದಿದ್ದೆ. "ಯಾಕತ್ತೆ ಕಟ್ಟಿದ್ರಿ?"

"ಆ ನಾಲ್ಗೆ ಮುಚ್ಚಾಕೆ ಬುಡ್ತಿರ್ಲಿಲ್ಲ. ಬೆಳ್ಳು ಅದ್ರ ಮ್ಯಾಲೈತೋ ಇಲ್ವೋ ತಿಳೀದು. ಮುಚ್ಚೋವಾಗ್ಲೇ ಅಲ್ವಾ ನಿಂಗೆ ಎದ್ರಿಕೆ? ಕಟ್ಟಾಕ್ದೆ. ಸುಲಬ್ವಾಗಿ ಮಡಚ್ಕೊಂತು."

ಆಸ್ಪತ್ರೆಯಲ್ಲಿ ನರ್ಸಮ್ಮ ಗಾಯ ತೊಳೆಯುತ್ತ, "ವಲಿಕ್ಕುದಾ ಪಾಟ್ಟಿ?" ಎಂದು ನೋವನ್ನು ವಿಚಾರಿಸಿದರು. ಅತ್ತೆ ನಗುತ್ತ, "ಇಲ್ಲೆ ಕಣ್ಣು," ಎಂದರು; ಏನೂ ನೋವಿಲ್ಲವಂತೆ. ಹೊಲಿಗೆ ಹಾಕುವಾಗಲೂ ಅದೇ ನಗು, ಅದೇ "ಇಲ್ಲೆ". ಅವರು ಅತ್ತಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಮುಂದಿನ ಬೆಳಗುಗಳಲ್ಲಿ ಎದ್ದವಳೇ ಮೊದಲು ಅವರ ಕಟ್ಟಿನ ಬಳಿ ಮೂಗು ತರುತ್ತಿದ್ದೆ, ವಾಸನೆ ಬರುತ್ತಿದೆಯೇ ಎಂದು. ಬಟ್ಟೆ ಬಿಚ್ಚುವಾಗ ಮೊದಲು ಉಗುರಿನ ಬಣ್ಣ ನೋಡುತ್ತಿದ್ದೆ. ಒಮ್ಮೆ ಸುತ್ತ ಕಪ್ಪಗೆ ಕಂಡು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅತ್ತೆ ಬೆರಳನ್ನು ತಿರುಗಿಸಿ ನೋಡಿ, "ಬೂದಿ ಕಣ್ಲೇ," ಎಂದರು. ಗಾಯದ ಕೈಯಲ್ಲೇ ಎಳೆ ಹೊಸೆಯಲು ಕದ್ದು ಕೂತಿದ್ದರಂತೆ.

ಗಾಯ ಮಾಯಿತು. ನಿಧಾನವಾಗಿ, ನನ್ನನ್ನು ಸತಾಯಿಸಿ ಮಾಯಿತು. ಬೆರಳಿನ ಮೇಲೆ ಒಂದು ಏರು ಉಳಿದಿದೆ; ಎಳೆ ಅಲ್ಲಿ ತಡೆಯುತ್ತದೆಂದು ಈಗ ಪಕ್ಕದಿಂದ ಹೊಸೆಯುತ್ತಾರೆ. ಮಾಯ್ದ ವಾರದಲ್ಲೇ ಕೇಳಿದರು:

"ನನ್ ಚಾಕು ಎಲ್ಲೈತೆ?"

"ಕೊಡಲ್ಲ ಅತ್ತೆ."

"ಅಂಗಾರೆ ಬ್ಲೇಡಿನ ಚೂರೇ ಇಡ್ಕೊಂತೀನಿ."

ಅದು ಇನ್ನೂ ಕೆಟ್ಟದ್ದು. ರಾಗಿ ಡಬ್ಬದೊಳಗಿಂದ ಚಾಕು ತೆಗೆದು, ಸುತ್ತಿದ್ದ ರೇಷ್ಮೆಯನ್ನು ಕತ್ತರಿಸಿದೆ. ತೆರೆದಾಗ ನಾಲಿಗೆ ಚಿಮ್ಮಿತು, ಟಕ್.

"ತೆಗೆಯೋದೂ ನಾನೇ, ಮಡಚೋದೂ ನಾನೇ. ಒಪ್ಪಿದ್ರೆ ಸರಿ."

ಒಪ್ಪಿದರು. ಈಗ ನಾನು ಚಾಕುವನ್ನು ತೆರೆದು, ಟಕ್ ಕೇಳಿ, ನೆಲಕ್ಕಿಡುತ್ತೇನೆ. ಅವರು ಎತ್ತಿಕೊಂಡು, ಕೆಲಸ ಮುಗಿದ ಮೇಲೆ ನೆಲಕ್ಕಿಟ್ಟು, "ಮುಚ್ಚು ಬಾರೇ," ಎಂದು ಕೂಗುತ್ತಾರೆ. ನಾನು ಕೈ ಒರೆಸಿಕೊಂಡು ಬಂದು, ಅಲಗಿನ ದಾರಿಯಲ್ಲಿ ನನ್ನ ಹೆಬ್ಬೆರಳನ್ನು ಇಡುತ್ತೇನೆ. ತಣ್ಣನೆಯ ಉಕ್ಕು ಬೆರಳಿಗೆ ಪೂರ್ತಿ ತಿಳಿಯುತ್ತದೆ, ಆದರೂ ಪ್ರತಿಸಲವೂ ಎದೆ ಹೊಡೆದುಕೊಳ್ಳುತ್ತದೆ.

ಅತ್ತೆ ಆಗ ಎಳೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿರುತ್ತಾರೆ. "ಎಬ್ಬೆಟ್ಟು ಜ್ವಾಕೆ," ಎನ್ನುತ್ತಾರೆ. ಅಲಗು ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಅವರು ಮತ್ತೆ ಎಳೆ ಎತ್ತಿಕೊಳ್ಳುವುದು.